ದೊಡ್ಡಮ್ಮ ಕಲಿಸಿದ ಕನ್ನಡ

೨೦೦೪ರ ಬೇಸಿಗೆ ರಜೆಯ ಒಂದು ಭಾನುವಾರ. ನಾನಾಗ ಕೊಚ್ಚಿಯ ಸರ್ಕಾರಿ ಕಚೇರಿಯೊಂದರಲ್ಲಿ ಕನ್ನಡ ಅನುವಾದಕಿ. ಕಾಸರಗೋಡಿನಿಂದ ಬರುವ ಕನ್ನಡದ ಅರ್ಜಿ, ಆಸ್ತಿ ಪತ್ರಗಳನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಅಂಬಲಮುಗಳ್‌ನ ರಿಫೈನರಿಯಲ್ಲಿದ್ದ ಗಂಡ ಶಿಫ್ಟಿಗೆ ಹೋಗಿದ್ದರು. ನಾನು ತಿಂಡಿಗೆ ಪುಟ್ಟು ಬೇಯಿಸುತ್ತಾ, ಹನ್ನೊಂದನೇ ತರಗತಿ ಮುಗಿಸಿದ್ದ ಮಗಳು ಅಶ್ವಿನಿಯೊಂದಿಗೆ ಎಂದಿನ ಜಗಳ ಆಡುತ್ತಿದ್ದೆ.

ಜಗಳ ಒಂದು ಪರೀಕ್ಷೆಯದು. ಕರ್ನಾಟಕದ ಸಿಇಟಿಯಲ್ಲಿ ಹೊರನಾಡ ಕನ್ನಡಿಗರ ಮಕ್ಕಳಿಗೂ ಮೆಡಿಕಲ್ ಸೀಟಿನ ಅವಕಾಶವಿತ್ತು. ಅದಕ್ಕೆ ಮೊದಲು ಕನ್ನಡ ಓದಲು, ಬರೆಯಲು, ಮಾತಾಡಲು ಬರುತ್ತದೆಂದು ಪರೀಕ್ಷೆ ಕೊಟ್ಟು ತೋರಿಸಬೇಕಿತ್ತು. ಪರಿಚಯದವರ ಮಕ್ಕಳು ಎಷ್ಟೋ ಮಂದಿ ನನ್ನಲ್ಲೇ ಕಲಿತು ಪಾಸಾಗಿದ್ದರು. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಮಲಯಾಳದಲ್ಲಿ.

"ಎನಿಕ್ಕ್ ವೇಂಡ ಅಮ್ಮಾ," ಎಂದಳು. ಬೇಡವಂತೆ. ಅವಳು ಒಂದು ವಾಕ್ಯ ಹೇಳಿದರೆ ನಾನು ಮೂರು ತಪ್ಪು ತೋರಿಸುತ್ತೇನಂತೆ.

ಸಿಟ್ಟಿನಲ್ಲೇ ಅಕ್ಕ ಶಾರದೆಗೆ ಫೋನ್ ಮಾಡಿದೆ. ಅವಳು ತಿರುವನಂತಪುರದ ಉಳ್ಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್, ಮಕ್ಕಳಿಲ್ಲ.

"ಅವಳೆಂತ ನಿನ್ನ ಆಫೀಸಿನ ಅರ್ಜಿಯಾ, ತಿದ್ಲಿಕ್ಕೆ? ಇಲ್ಲಿಗೆ ಕಳಿಸು ಮಾರಾಯ್ತಿ. ಓದುದೋ ಬಿಡುದೋ ಅವಳೇ ಹೇಳ್ಲಿ."

ಮರುದಿನ ವೈಟ್ಟಿಲ ಜಂಕ್ಷನ್ನಿನಲ್ಲಿ ಮಗಳನ್ನು ತಿರುವನಂತಪುರದ ಬಸ್ಸು ಹತ್ತಿಸಿದೆ.

ಅಕ್ಕನ ಆಸ್ಪತ್ರೆಗೆ ಕಾಸರಗೋಡಿನ ಕಡೆಯಿಂದಲೂ ರೋಗಿಗಳು ಬರುತ್ತಿದ್ದರು. ಮಲಯಾಳ ಸರಿಯಾಗಿ ಬಾರದವರ ಬಳಿ ಅವಳು ಅಶ್ವಿನಿಯನ್ನು ಕರೆದೊಯ್ದು ಬಿಟ್ಟುಬಿಡುತ್ತಿದ್ದಳು, ಅಷ್ಟೆ. ಕೆಲವು ವಾರಗಳ ನಂತರ ನಾನು ಹೋದಾಗ, ವಾರ್ಡಿನ ವರಾಂಡದಲ್ಲಿ ನನ್ನ ಮಗಳು ಒಬ್ಬ ಅಜ್ಜಿಯ ಪಕ್ಕ ಕೂತಿದ್ದಳು.

"ಅಜ್ಜೀ, ಈ ಗುಳಿಗೆ ಊಟ ಆದ ಮೇಲೆ ತಿನ್ನುದು. ಮೊದಲೇ ತಿಂದು ಹೊಟ್ಟೆ ಉರಿದ್ರೆ ನಂಗೆ ಬೈಬಾರ್ದು."

"ಬೈಯುದಿಲ್ಲ ಮಗಾ. ನೀನು ಶಾರದಕ್ಕನ ಮಗಳಲ್ವಾ?"

"ಹೂಂ, ಹಾಗೇ ಇಟ್ಕೊಳ್ಳಿ," ಎಂದು ಅಶ್ವಿನಿ ನಕ್ಕಳು.

ನಾನು ಕಂಬದ ಹಿಂದೆಯೇ ನಿಂತೆ. ಹದಿನಾರು ವರ್ಷ ನಾನು ಅವಳ ಬಾಯಿಂದ ಕೇಳಲು ಕಾದಿದ್ದ ಕನ್ನಡ ಅದು. ಅಕ್ಕನಿಗೆ ಒಂದು ರಜೆಯಲ್ಲಿ ಸಿಕ್ಕಿತ್ತು. ಪರೀಕ್ಷೆಗೆ ಓದುತ್ತೇನೆಂದೂ ಮಗಳು ಹೇಳಿದ್ದು ಅವಳಿಗೇ. ನನಗೆ ತಿಳಿದದ್ದು ಅಕ್ಕನ ಬಾಯಿಂದ. ಅವಳು ಬಡಿಸಿದ ಊಟ ಅಂದು ನನಗೆ ಸೇರಲಿಲ್ಲ.

ಮರುವರ್ಷ ಪರೀಕ್ಷೆಗೆ ಇನ್ನೂ ಸಮಯವಿರುವಾಗಲೇ ಅಕ್ಕ ಹೃದಯಾಘಾತದಿಂದ ತೀರಿಕೊಂಡಳು. ಅಶ್ವಿನಿ ಕನ್ನಡ ಪುಸ್ತಕ ಮುಚ್ಚಿಟ್ಟಳು. ಅತ್ತು ಮುಗಿದ ಮೇಲೆ, ಇನ್ನು ನನ್ನ ಸರದಿ ಎಂದುಕೊಂಡು ಆ ಪುಸ್ತಕ ಹಿಡಿದು ಅವಳ ಪಕ್ಕ ಕೂತೆ. ಅವಳು ಅದನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡಳು. ಪರೀಕ್ಷೆ ಬರೆಯುತ್ತೇನೆ, ಅಶ್ವಿನಿ ಡಾಕ್ಟರಾಗುತ್ತಾಳೆಂದು ದೊಡ್ಡಮ್ಮ ವಾರ್ಡಿಗೆಲ್ಲ ಹೇಳಿಟ್ಟಿದ್ದಾಳೆ, ಆದರೆ ಅಮ್ಮ ಕಲಿಸುವುದು ಬೇಡ ಎಂದಳು. ಹೇಳಿದ್ದು ಮಲಯಾಳದಲ್ಲಿ.

ಬೆಂಗಳೂರಿನಲ್ಲಿ ಮಾತಿನ ಪರೀಕ್ಷೆ. ನಾನು ಹೊರಗೆ ಕೂತಿದ್ದೆ, ಬಾಗಿಲು ಅರೆ ತೆರೆದಿತ್ತು.

"ಕನ್ನಡ ಯಾರಮ್ಮ ಕಲಿಸಿದ್ದು?"

"ನಮ್ಮ ದೊಡ್ಡಮ್ಮ."

"ತಾಯಿ ಏನು ಮಾಡ್ತಾರೆ?"

"ಅವರು ಕನ್ನಡ ಅನುವಾದಕಿ."

ಒಳಗಿದ್ದವರು ನಕ್ಕರು. ಅವಳು ಪಾಸಾದಳು.

ನಿವೃತ್ತಳಾಗುವವರೆಗೂ ಹೊಸ ಅನುವಾದಕರಿಗೆ ನಾನು ಹೇಳುತ್ತಿದ್ದುದು ಒಂದೇ: ತಪ್ಪು ಹುಡುಕುವ ಮೊದಲು, ಈ ಮಾತು ಯಾರಿಗೆ ಹೇಳಿದ್ದು ಎಂದು ನೋಡಿ.

ಅಶ್ವಿನಿ ಈಗ ಡಾಕ್ಟರು. ಭಾನುವಾರ ತಪ್ಪದೆ ಫೋನ್ ಮಾಡುತ್ತಾಳೆ, ಮಲಯಾಳದಲ್ಲಿ. ಕನ್ನಡದಲ್ಲಿ ಮಾತಾಡಲು ಅವಳಿಗೆ ದೊಡ್ಡಮ್ಮ ಇಲ್ಲ. ನನಗೆ ಅಕ್ಕ ಇಲ್ಲ.