ಬೆನ್ನ ಮೇಲೊಂದು ಕಂಬಳಿ ತುಂಡು

ಮೈಲಮ್ಮ ಆ ಜೋಡಿಯನ್ನು ಮೊದಲು ಕಂಡದ್ದು ಮರಿಕಲ್ ಸಂತೆಯಲ್ಲಿ, ಮದುವೆಯಾದ ವರ್ಷ. ಬೇವಿನ ಮರಕ್ಕೆ ಎರಡು ಎಳೆಯ ತಟ್ಟುಕುದುರೆಗಳನ್ನು ಕಟ್ಟಿದ್ದರು. ಒಂದು ಕೆಂಚು, ಇನ್ನೊಂದು ಬೂದಿ ಬಣ್ಣ. ಗಂಡ ಕುರುಮಯ್ಯ ಹಲ್ಲು ನೋಡಿ, ಗೊರಸು ಎತ್ತಿ ನೋಡಿ ಮಾರುವವನೊಡನೆ ಚೌಕಾಸಿಗೆ ಇಳಿದಿದ್ದ. ಅಷ್ಟರಲ್ಲಿ ಕೆಂಚು ಬಣ್ಣದ್ದು ಕುತ್ತಿಗೆ ಚಾಚಿ ಮೈಲಮ್ಮನ ಸೆರಗಿನ ತುದಿಗೆ ಬಾಯಿ ಹಾಕಿತು. ಅವಳು ಎಳೆದಳು, ಅದೂ ಎಳೆಯಿತು. ಸೆರಗಿಗೆ ಕಟ್ಟಿಕೊಂಡಿದ್ದ ಬೆಲ್ಲದ ವಾಸನೆ ಅದಕ್ಕೆ ಹತ್ತಿತ್ತು. ಬೂದಿ ಬಣ್ಣದ್ದು ತನ್ನ ಪಾಲು ಕೇಳುವಂತೆ ಅವಳ ಭುಜಕ್ಕೆ ಮೂತಿ ಒತ್ತಿತು.

“ಇವನ್ನ ಬಿಟ್ಟು ನಾ ಬರಂಗಿಲ್ಲ,” ಎಂದಳು ಮೈಲಮ್ಮ. ಚೌಕಾಸಿ ಅಲ್ಲಿಗೆ ಮುಗಿಯಿತು.

ಅಂದಿನಿಂದ ಪ್ರತಿ ಚಳಿಗಾಲ ಮಕ್ತಲದ ಅವರ ಕುರಿಮಂದೆ ಕೃಷ್ಣೆ ದಾಟಿ ಗದ್ವಾಲದ ಹೊಲಗಳಿಗೆ ಹೋಗುವಾಗ ಕಂಬಳಿ, ಗಡಿಗೆ, ದಾರಿಯಲ್ಲಿ ಹುಟ್ಟಿದ ಮರಿ ಎಲ್ಲವೂ ಕೆಂಚ, ಬೂದರ ಬೆನ್ನ ಮೇಲೆ. ಗಂಟು ಹೇರುವವಳೂ ಇಳಿಸುವವಳೂ ಮೈಲಮ್ಮ. ಇಳಿಸಿದೊಡನೆ ಬೆನ್ನು ತಟ್ಟಿ ಮೇಯಲು ಬಿಡುತ್ತಿದ್ದಳು.

ಒಂದು ಮಳೆಗಾಲ ಬಂಡೆಯ ಮೇಲೆ ಜಾರಿ ಅವಳ ಕಾಲು ಮುರಿಯಿತು. ಎಲುಬು ಕೂಡಿದರೂ ದೂರ ನಡೆಯುವ ಶಕ್ತಿ ಬರಲಿಲ್ಲ. ಈ ಸಲ ಊರಲ್ಲೇ ನಾದಿನಿ ಬಾಲಮ್ಮನ ಮನೆಯಲ್ಲಿ ಇರಲಿ ಎಂದರು ಎಲ್ಲರೂ. ಮೈಲಮ್ಮನಿಗೆ ಊಟ ಸೇರದಾಯಿತು. ಅದನ್ನು ನೋಡಲಾರದೆ ಕುರುಮಯ್ಯ ಒಂದು ಹಳೆಯ ಸಣ್ಣ ಬಂಡಿ ತಂದು ಅಂಗಳದಲ್ಲಿ ನಿಲ್ಲಿಸಿದ.

“ದೀಪಾವಳಿ ಆತಂದ್ರ ಕುರಿ ಹೊರಡತಾವ. ಅಷ್ಟರೊಳಗ ಇವು ಬಂಡಿ ಎಳಿಯಾಕ ಕಲಿತ್ರ, ನೀನೂ ಬರ್ತಿ.”

ಕಲಿಸಲು ನಾರಾಯಣಪೇಟೆಯಿಂದ ಜಟಕಾ ಹೊಡೆಯುವ ಮೊಗುಲಪ್ಪ ಬಂದ. ಮೊದಲು ಬಂಡಿ ಬೇಡವೆಂದು, ಹೊಲದಲ್ಲಿ ಎರಡಕ್ಕೂ ಎದೆಪಟ್ಟಿ ಕಟ್ಟಿ ಹಿಂದೊಂದು ಮರದ ದಿಮ್ಮಿ ಬಿಗಿದ. “ಚಲ್ ರೇ ರಾಜಾ!” ಚಾವಟಿ ಗಾಳಿಯಲ್ಲಿ ಛಟ್ಟೆಂದಿತು. ರಾಜರಿಬ್ಬರೂ ತಲೆ ಬಗ್ಗಿಸಿ ಗರಿಕೆ ಮೇಯತೊಡಗಿದರು. ಮುಂದಿನಿಂದ ಎಳೆದ, ಹಿಂದಿನಿಂದ ನೂಕಿದ. ಹಬ್ಬ ಹತ್ತಿರ ಬಂದರೂ ದಿಮ್ಮಿ ಇದ್ದಲ್ಲೇ ಇತ್ತು.

“ಯಕ್ಕಾ, ಇವು ಕುದುರಿ ಅಲ್ಲ, ಕುರಿ. ಉಣ್ಣಿ ಕತ್ತರಿಸಿ ಮಾರಿಬಿಡು,” ಎಂದ ಮೊಗುಲಪ್ಪ.

“ಮದ್ಲ ನಿನ್ನ ಮೀಸಿ ಕತ್ತರಸ್ತೀನಿ, ತಡಿ!”

ಗಂಡಸರಿಗೆಂದು ಮೈಲಮ್ಮ ರೊಟ್ಟಿಗಂಟು ಹೊತ್ತು ಕುಂಟುತ್ತ ಬಂದಿದ್ದಳು. ಕಾಲು ನೋಯಿತೆಂದು ಗಂಟನ್ನು ಕೆಂಚನ ಬೆನ್ನ ಮೇಲಿಟ್ಟಳು. ಕೆಂಚ ಥಟ್ಟನೆ ತಲೆ ಎತ್ತಿ, ಕಿವಿ ನಿಮಿರಿಸಿ ಹೊರಟೇಬಿಟ್ಟ! ಬೂದ ಮಾತ್ರ ಮೇಯುತ್ತಲೇ ಇದ್ದುದರಿಂದ ದಿಮ್ಮಿ ಅಡ್ಡ ತಿರುಗಿತು.

“ಅಯ್ಯ ನನ್ನಪ್ಪಾ! ಬೆನ್ನು ಬರಿದಾದ್ರ ಕೆಲಸ ಮುಗೀತಂತ ಇವಕ್ಕ ನಾನ ಕಲಿಸೀನಲ್ಲ!”

ನಗುತ್ತಲೇ ಕಂಬಳಿ ಸುತ್ತಿ ಬೂದನ ಬೆನ್ನಿಗೂ ಹೇರಿದಳು. ಜೋಡಿ ಒಂದೇ ಹೆಜ್ಜೆಯಲ್ಲಿ ಹೊಲದ ತುದಿಗೆ ಹೋಗಿ ತಿರುಗಿತು.

ದಿಮ್ಮಿ ಹೋಗಿ ಬಂಡಿ ಬಂತು. ಮೈಲಮ್ಮ ಅದರಲ್ಲಿ ಕೂತು ಮೊದಲ ಸಲ ಮಕ್ತಲದ ಬೀದಿಗೆ ಇಳಿದಾಗ ಸರ್ಕಾರಿ ಸುಂಕದ ನಾಕಾದ ಜವಾನ ಭೀಮಣ್ಣ ಕೂಗಿದ: “ಏನವ್ವ ಮೈಲಮ್ಮ, ಬಂಡಿ ಖಾಲಿ ಐತಿ, ಗಂಟು ಕುದುರಿ ಮ್ಯಾಲೆ!”

“ಬಂಡಿ ನನಗ, ಗಂಟು ಅವಕ್ಕ, ಅಣ್ಣಾ!”

ಬೀದಿಯೆಲ್ಲ ನಕ್ಕಿತು. ಅವಳು ದಿನದಿನಕ್ಕೆ ಗಂಟು ಕಿರಿದು ಮಾಡಿದಳು. ದೀಪಾವಳಿಯ ಹೊತ್ತಿಗೆ ಬೆನ್ನಿಗೊಂದು ಕಂಬಳಿ ತುಂಡು ಸಾಕಾಯಿತು.

ಈಗ ಪ್ರತಿ ಚಳಿಗಾಲ ಕುರುಮಯ್ಯ ಕುರಿಗಳ ಹಿಂದೆ ನಡೆಯುತ್ತಾನೆ. ಮೈಲಮ್ಮ ಮಂದೆಯ ಮುಂದೆ ಗದ್ವಾಲದ ಕಡೆಗೆ ಬಂಡಿ ಹೊಡೆಯುತ್ತಾಳೆ.