ಅಕ್ಕಿ ಗಿರಣಿಯ ಪಿಯಾನೊ

ಬಳ್ಳಾರಿಯ ದಂಡಿನ ಕ್ಲಬ್ಬಿನಲ್ಲಿ ಅಪ್ಪ ಅಡುಗೆಯವನಾಗಿದ್ದ. ಅಲ್ಲಿನ ದೊರೆಸಾನಿಯೊಬ್ಬಳು ಹೊತ್ತು ಕಳೆಯಲೆಂದು ನನಗೆ ಪಿಯಾನೊ ಕಲಿಸಿದಳು. ಪುಸ್ತಕದಲ್ಲಿದ್ದುದನ್ನು ಇದ್ದಂತೆಯೇ ನುಡಿಸಬೇಕು. ಬೆರಳು ದಾರಿ ಬಿಟ್ಟರೆ ಮುಚ್ಚಳ ಮುಚ್ಚಿ ಎದ್ದುಹೋಗುತ್ತಿದ್ದಳು.

ಅವಳು ತನ್ನ ದೇಶಕ್ಕೆ ಮರಳಿದ ಮೇಲೆ, ಯುದ್ಧದ ವರ್ಷಗಳಲ್ಲಿ, ಬಿಳಿ ಸಿಪಾಯಿಗಳ ಕುಣಿತಕ್ಕೆ ದಿನಾ ಸಂಜೆ ನಾನೇ ನುಡಿಸಿದೆ. ಅವೇ ನಾಲ್ಕೈದು ಮಟ್ಟುಗಳು. ಮಣಿಕಟ್ಟು ಬಾತುಕೊಳ್ಳುತ್ತಿತ್ತು. ಬೇಸರ ತಾಳಲಾರದೆ ಮಟ್ಟಿನ ನಡುವೆ ನನಗೆ ತೋಚಿದ್ದನ್ನು ಸೇರಿಸತೊಡಗಿದೆ. ಕುಣಿಯುವವರು ಯಾರೂ ಗಮನಿಸಲಿಲ್ಲ.

ಬಿಳಿಯರು ಹೋದರು. ಕ್ಲಬ್ಬಿನ ಪಿಯಾನೊ ಸಿರುಗುಪ್ಪದ ಅಕ್ಕಿ ಗಿರಣಿಯ ಸಾವ್ಕಾರರ ಪಾಲಾಯಿತು. ಮಗಳ ಮದುವೆಗೆ ನುಡಿಸಲು ಅವರು ನನ್ನನ್ನು ಕರೆಸಿದರು. ಬಸ್ಸಿಳಿದಾಗ ಕಣ್ಣು, ಮೂಗು ತುಂಬ ಧೂಳು. ಪಿಯಾನೊ ಗಿರಣಿಯ ಪಡಸಾಲೆಯಲ್ಲಿತ್ತು. ಅದರ ಮೇಲೆ ತೌಡು ಕೂತಿತ್ತು. ಗದ್ದೆಗಳ ತೇವಕ್ಕೆ ಬೆರಳಿಡುವ ಪಟ್ಟಿಗಳಲ್ಲಿ ನಡುವಿನ ಕೆಲವು ಉಬ್ಬಿ, ಒತ್ತಿದರೆ ಮೇಲೇಳುತ್ತಿರಲಿಲ್ಲ.

“ಯಾಕ ತಂಗಿ, ಸುಮ್ನ ಕುಂತೀರಿ? ಬೀಗರೆಲ್ಲ ಕಾಯಾಕತ್ಯಾರ,” ಎಂದರು ಸಾವ್ಕಾರರು.

“ಕೆಲವು ಪಟ್ಟಿ ಸತ್ತಾವ್ರಿ.”

“ಇದ್ದದ್ರಾಗ ನುಡಸ್ರಿ.”

ದೊರೆಸಾನಿ ಕಲಿಸಿದ್ದನ್ನೇ ಶುರುಮಾಡಿದೆ. ಅಲ್ಲಲ್ಲಿ ಸ್ವರ ನುಂಗಿಹೋಗುತ್ತಿತ್ತು. ಜನ ಮಾತಿಗಿಳಿದರು. ಅಷ್ಟರಲ್ಲಿ ಪಕ್ಕದಲ್ಲಿ ಅಕ್ಷತೆ ಕಲಸುತ್ತಿದ್ದ, ಕುರುಗೋಡಿನಿಂದ ಬಂದಿದ್ದ ಮದುಮಗಳ ಅಜ್ಜಿ ಬೀಸುವ ಪದವೊಂದನ್ನು ತನ್ನಷ್ಟಕ್ಕೆ ಗುನುಗಿದಳು. ನನ್ನ ಕೈ ಅದರ ಹಿಂದೆ ಹೋಯಿತು. ಸತ್ತ ಪಟ್ಟಿ ಎದುರಾದಲ್ಲಿ ಮೇಲಿಂದ ಬಳಸಿದೆ, ಇಲ್ಲವೇ ಕೆಳಗಿಳಿದೆ. ಅಜ್ಜಿ ನನ್ನತ್ತ ನೋಡಿದಳು. ಬಾಯಿ ಬಿಟ್ಟೇ ಹಾಡಿದಳು. ಹೆಂಗಸರು ಬಂದು ಸುತ್ತ ಕೂತರು. ತಾಳಿ ಕಟ್ಟುವ ಹೊತ್ತಾಯಿತೆಂದು ಪುರೋಹಿತರು ಕೂಗುವವರೆಗೂ ನಾವಿಬ್ಬರೂ ನಿಲ್ಲಲಿಲ್ಲ. ಹಾಗೆ ನಾನು ಹಿಂದೆಂದೂ ನುಡಿಸಿರಲಿಲ್ಲ.

ಆಮೇಲೆ ಸಿರುಗುಪ್ಪದ ಮದುವೆ, ಸೀಮಂತಗಳಿಗೆಲ್ಲ ಆ ಪಿಯಾನೊ ಗಾಡಿಯೇರಿ ಹೋಗುತ್ತಿತ್ತು, ನನಗೆ ಕರೆ ಬರುತ್ತಿತ್ತು. ಎಲ್ಲರದೂ ಒಂದೇ ಮಾತು: “ಸಾವ್ಕಾರ್ರ ಮಗಳ ಮದಿವ್ಯಾಗ ನುಡಿಸಿದ್ರಲ್ಲ, ಅದನ್ನ ನುಡಸ್ರಿ.” ಆವತ್ತು ತೋಚಿದ್ದು ಇವತ್ತು ಎಲ್ಲಿಂದ ಬರಬೇಕು? ನೆನಪಿದ್ದಷ್ಟನ್ನು ಹೆಣೆದು ನುಡಿಸಿದೆ. ಮತ್ತೆ ಅದೇ ಮಟ್ಟು, ಅದೇ ಬಾತ ಕೈ. ಹೀಗೇ ಕೆಲವು ವರ್ಷ ಕಳೆಯಿತು.

ಒಂದು ಬೇಸಿಗೆಯಲ್ಲಿ ಬೆರಳು ಮಡಿಸಲಾಗದೆ, ಕುರುಗೋಡಿನಲ್ಲಿದ್ದ ಆ ಅಜ್ಜಿಯ ಮನೆಗೆ ಹೋದೆ.

“ಏನರ ನುಡಿಸೂದು ಐತೇನಬೇ ಇಲ್ಲಿ?” ಎಂದು ಕೇಳಿದೆ.

“ಏನೂ ಇಲ್ಲ. ಉಣ್ಣು, ಮಕ್ಕೋ.”

ಅಲ್ಲಿದ್ದಷ್ಟು ದಿನ ಬರೀ ನಿದ್ದೆ ಮಾಡಿದೆ. ಅಜ್ಜಿ ಶೇಂಗಾ ಸುಲಿಯುತ್ತ ಹಾಡುತ್ತಿದ್ದಳು. ಒಂದೇ ಪದ ದಿನಕ್ಕೊಂದು ಬಗೆ. ಯಾಕೆಂದು ಕೇಳಿದರೆ, “ನಿನ್ನಿ ಹಾಡಿದ್ದು ನೆನಪಿರಂಗಿಲ್ಲ ನನಗ,” ಎಂದಳು.

ಮತ್ತೆ ಸಿರುಗುಪ್ಪಕ್ಕೆ ಹೋಗಲಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯ ಮಾಳಿಗೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ಹಾರ್ಮೋನಿಯಂ ಕಲಿಸತೊಡಗಿದೆ. ನುಡಿಸುತ್ತ ಪಾಠದ ಮಟ್ಟು ಬಿಟ್ಟು ಎಲ್ಲೋ ಹೊರಟವಳನ್ನು ನಾನು ತಡೆಯುತ್ತಿರಲಿಲ್ಲ. ತಡೆಯುವಷ್ಟು ಶಕ್ತಿಯೂ ಇರಲಿಲ್ಲ, ಗೋಡೆಗೊರಗಿ ಕೇಳುತ್ತಿದ್ದೆ.