ಕೊಂಡ ವಿಳಾಸ, ಕೊಟ್ಟ ವಿಳಾಸ

ಹದಿನೈದು ಸಾವಿರ ಇಮೇಲ್ ವಿಳಾಸಗಳಿದ್ದ ಸಿ.ಡಿ.ಗೆ ಎಂಟುನೂರು ರೂಪಾಯಿ ಕೊಟ್ಟೆ. ಬೆಂಗಳೂರಿನ ಅಂಗಡಿಯವನು ಸಾವಿರದ ಐನೂರು ಹೇಳಿದ್ದ. ಎರಡು ಸಲ ಮೆಟ್ಟಿಲಿಳಿದು ಹೊರಟವನಂತೆ ಮಾಡಿ ಬೆಲೆ ಇಳಿಸಿದ್ದೆ. ಕೊಂಡಿದ್ದಕ್ಕೆ ಕಾರಣವಿತ್ತು. ಚನ್ನಪಟ್ಟಣದ ಹೆದ್ದಾರಿ ಬದಿಯ ನನ್ನ ಬೊಂಬೆ ಅಂಗಡಿಗೆ, ಮಗು ಬಾಯಿಗಿಟ್ಟರೂ ಭಯವಿಲ್ಲದ ಗಿಡಮೂಲದ ಬಣ್ಣದ ಆಟಿಕೆಗಳನ್ನು ಮೊದಲ ಬಾರಿಗೆ ಮಾಡಿಸಿದ್ದೆ. ಅವು ಮಾರಾಟವಾಗದಿದ್ದರೆ, ಲೇತಿನಲ್ಲಿ ನನಗೆ ಬೊಂಬೆ ಕಡೆಯುವವನೇ ಕೈಬಿಟ್ಟು ಹೋಗುತ್ತಿದ್ದ.

"ಅಣ್ಣಾ, ನಿನ್ ಮಾತು ನಂಬ್ಕೊಂಡು ಹಳೇ ಬಣ್ಣ ಬುಟ್ಟಿವ್ನಿ. ಹದ್ನೈದು ದಿನ ನೋಡ್ತೀನಿ. ಬಿಡದಿ ಫ್ಯಾಕ್ಟ್ರೀಲಿ ಕರೀತಾವ್ರೆ," ಅಂದಿದ್ದ.

ಸೈಬರ್ ಸೆಂಟರಿನಲ್ಲಿ ಕೂತು ಸಿ.ಡಿ.ಯಲ್ಲಿದ್ದವರಿಗೆಲ್ಲ ಆಟಿಕೆಗಳ ಜಾಹೀರಾತು ಕಳಿಸಿದೆ. ಬಂದ ನಾಲ್ಕು ಉತ್ತರವೂ ಬೈಗುಳ. ಮೂರನೇ ದಿನ ನನ್ನ ಇಮೇಲ್ ಖಾತೆಯೇ ಬಂದ್! ಸೆಂಟರಿನ ಮಾಲೀಕ ನನ್ನ ಬಾಲ್ಯದ ಗೆಳೆಯ, ಬಿದ್ದು ಬಿದ್ದು ನಕ್ಕ.

"ಏನ್ಲಾ ಮಾಡ್ಬುಟ್ಟೆ? ಮದ್ವೇನೇ ಆಗ್ದೋರ್ಗೂ ಗಿಲಕಿ ತಗೊಳ್ಳಿ ಅಂತ ಬರ್ದಿದ್ದೀಯ!"

"ನೋಡ್ಲಿ ಅಂತ ಕಣ್ಲಾ."

"ನೋಡ್ತೀವಿ ಅಂತ ಯಾವನ್ಲಾ ನಿನ್ನ ಕೇಳ್ದ?"

ಕೇಳಿದವರಿದ್ದರು! ಕಾರು ನಿಲ್ಲಿಸಿ ಅಂಗಡಿಗೆ ಬಂದು, ಗಿಡಮೂಲದ ಬಣ್ಣದ್ದು ಬಂದರೆ ತಿಳಿಸಿ ಎಂದು ನನ್ನ ನೋಟ್ ಪುಸ್ತಕದಲ್ಲಿ ತಾವೇ ಇಮೇಲ್ ವಿಳಾಸ ಬರೆದು ಹೋದವರು. ಬರೀ ಅರವತ್ತೆರಡು ಎಂದು ಅವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸ್ಕೂಟರಿನಲ್ಲಿ ಓಡಿ ಪುಸ್ತಕ ತಂದೆ, ಹೊಸ ಖಾತೆ ತೆರೆದೆ. 'ಚನ್ನಪಟ್ಟಣದ ನಮ್ಮ ಬೊಂಬೆ ಅಂಗಡಿಯಲ್ಲಿ ನೀವು ಕೇಳಿದ್ದ ಬಣ್ಣದ ಆಟಿಕೆ ಬಂದಿವೆ. ಇನ್ನು ಮುಂದೆ ಪತ್ರ ಬೇಡವೆಂದರೆ ಒಂದು ಸಾಲು ಬರೆಯಿರಿ, ಹೆಸರು ತೆಗೆಯುತ್ತೇನೆ' ಎಂದು ಬರೆದೆ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ ಕಳಿಸುವುದನ್ನು ಗೆಳೆಯ ಹೇಳಿಕೊಟ್ಟ.

ಮಾರನೆಯ ದಿನ ಹತ್ತೊಂಬತ್ತು ಉತ್ತರ! ಶಿಶುವಿಹಾರದ ಟೀಚರೊಬ್ಬರು ನೂರೈವತ್ತು ಸೆಟ್ ಕೇಳಿದ್ದರು. ಕುರ್ಚಿಯಲ್ಲಿ ಕೂರಲಾಗಲಿಲ್ಲ ನನಗೆ. ಕಡೆಯುವವನ ಶೆಡ್ಡಿಗೆ ಓಡಿ, ನೂರೈವತ್ತು ಸೆಟ್ ಬೇಕಂತೆ ಎಂದು ಬಾಗಿಲಲ್ಲೇ ಕೂಗಿದೆ. "ಸುಳ್ಳಾದ್ರೆ ನಿನ್ನೇ ಲೇತಿಗೆ ಹಾಕ್ತೀನಿ," ಎನ್ನುತ್ತಲೇ ಅವನು ಲೇತಿನ ಸ್ವಿಚ್ ಒತ್ತಿದ.

ಇಬ್ಬರು ಬೇಡವೆಂದು ಬರೆದಿದ್ದರು. ಆ ಗಳಿಗೆಯಲ್ಲೇ ಅವರ ಹೆಸರು ಹೊಡೆದುಹಾಕಿದೆ.

ನೀವೂ ವ್ಯಾಪಾರ ಮಾಡುವವರಾದರೆ ಕೇಳಿ: ಸಾವಿರ ಜನಕ್ಕೆ ಬರೆದರೂ ತಪ್ಪಿಲ್ಲ, ಆ ಸಾವಿರ ಜನವೂ ಬರೆಯಿರಿ ಎಂದಿರಬೇಕು. ನೀವು ಯಾರು, ಅವರು ಎಲ್ಲಿ ಕೇಳಿದ್ದರು ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ಬೇಡ ಎಂದವರೊಡನೆ ಮಾತ್ರ ಚೌಕಾಸಿಗೆ ಇಳಿಯಬೇಡಿ.